ಪತ್ರಿಕೆ ಹುಟ್ಟಿದ ಮನೆಗೆ ಒಂದು ಕಲ್ಲು

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಹಳೆಯ ಪತ್ರಿಕೆ, ಅದು ನಡೆದ ಕಟ್ಟಡ, ಅದರ ನೆನಪಿಗೆ ಹಾಕುವ ಕಲ್ಲು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಹದಿನೇಳನೇ ವಯಸ್ಸಿಗೆ ಅಚ್ಚುಕೂಟ ಸೇರಿದವಳು. 14 ವರ್ಷ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದೆ. ಮೊಳೆ ಹೋಗಿ ಕಂಪ್ಯೂಟರ್ ಬಂದ ಮೇಲೆ 22 ವರ್ಷ ಕರಡು ತಿದ್ದಿದೆ. ಹಾಗಾಗಿ ಈ ವಿಷಯ ನನಗೆ ತುಂಬಾ ಹತ್ತಿರದ್ದು. ಉತ್ತರ ಉದ್ದವಾದರೆ ಕ್ಷಮಿಸಿ.

ಪ್ರಶ್ನೆ: ನಮ್ಮ ಊರಿನಲ್ಲಿ 1950ರ ದಶಕದಲ್ಲಿ ಒಂದು ವಾರಪತ್ರಿಕೆ ನಡೆಯುತ್ತಿತ್ತು. ಅದು ನಡೆದ ಕಟ್ಟಡ ಇನ್ನೂ ಇದೆ ಎಂದು ಹಿರಿಯರು ಹೇಳುತ್ತಾರೆ. ಮುಂದೆ ಬಟ್ಟೆ ಅಂಗಡಿ, ಹಿಂದೆ ಗೋದಾಮು. ಮಾಲೀಕರು ಗೋಡೆಗೆ ಒಂದು ಕಲ್ಲು ಹಾಕಲು ಒಪ್ಪಿದ್ದಾರೆ. ನಾವು ಬರೆದ ಒಕ್ಕಣೆ ಹೀಗಿದೆ: ‘ಈ ಭಾಗದ ಮೊಟ್ಟಮೊದಲ ಪತ್ರಿಕೆಯು ಉದಯಿಸಿ ನಾಡುನುಡಿಯ ಸೇವೆಗೈದ ಪುಣ್ಯಸ್ಥಳವಿದು’. ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಅತಿಥಿಗಳ ಹೆಸರು. ದಯವಿಟ್ಟು ತಿದ್ದಿಕೊಡಿ. — ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಮೇಷ್ಟ್ರೇ, ಕಟ್ಟಡ ಇನ್ನೂ ನಿಂತಿದೆ, ಮಾಲೀಕರೂ ಒಪ್ಪಿದ್ದಾರೆ. ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ. ಆ ಒಪ್ಪಿಗೆಯನ್ನು ಮೊದಲು ಬರವಣಿಗೆಯಲ್ಲಿ ಪಡೆದುಕೊಳ್ಳಿ. ನಾಳೆ ಅಂಗಡಿ ಕೈ ಬದಲಾಗಬಹುದು.

ಈಗ ಒಕ್ಕಣೆಗೆ ಬರೋಣ. ಇದನ್ನು ಓದಿದವರಿಗೆ ಪತ್ರಿಕೆಯ ಹೆಸರು ಗೊತ್ತಾಗುವುದಿಲ್ಲ. ಯಾವ ವರ್ಷ ಶುರುವಾಯಿತು, ಯಾವಾಗ ನಿಂತಿತು, ಇಲ್ಲಿ ಅಚ್ಚಾಗುತ್ತಿತ್ತೋ ಅಥವಾ ಬರೀ ಕಚೇರಿ ಇತ್ತೋ, ಅದೂ ಗೊತ್ತಾಗುವುದಿಲ್ಲ. ಬಸ್ಸಿಗೆ ಕಾಯುತ್ತಾ ನಿಂತ ಒಬ್ಬ ಹುಡುಗಿ ಇದನ್ನು ಓದಿದಳು ಅಂದುಕೊಳ್ಳಿ. ‘ಪುಣ್ಯಸ್ಥಳ’ ಅನ್ನುವ ಪದ ಅವಳಿಗೆ ಏನನ್ನೂ ತೋರಿಸುವುದಿಲ್ಲ. ‘ಈ ಗೋಡೆಯ ಹಿಂದಿನ ಕೋಣೆಯಲ್ಲಿ ಪ್ರತಿ ವಾರ ಒಂದು ಪತ್ರಿಕೆ ಅಚ್ಚಾಗುತ್ತಿತ್ತು’ ಎಂದರೆ ಅವಳು ಖಂಡಿತ ಇಣುಕಿ ನೋಡುತ್ತಾಳೆ.

‘ಮೊಟ್ಟಮೊದಲ’ ಅನ್ನುವುದನ್ನು ತೆಗೆಯಿರಿ. ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಶಾಲೆಯವರು, ಮಠದವರು, ಜಾತಿ ಸಂಘದವರು ತಂದ ಸಣ್ಣ ಪತ್ರಿಕೆಗಳು ಎಷ್ಟೋ ಇದ್ದವು. ಆರೇಳು ಸಂಚಿಕೆ ಬಂದು ನಿಂತವು. ಅವುಗಳ ಒಂದು ಪ್ರತಿ ಯಾರದಾದರೂ ಅಟ್ಟದಿಂದ ಇಳಿದು ಬಂದರೆ ನಿಮ್ಮ ಕಲ್ಲು ಸುಳ್ಳಾಗುತ್ತದೆ. ನಿಮ್ಮ ಪತ್ರಿಕೆ ಮೊದಲನೆಯದಾಗದಿದ್ದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಆಮೇಲೆ ಮುಖ್ಯ ಪ್ರಶ್ನೆ. ಪತ್ರಿಕೆ ಇದೇ ಕಟ್ಟಡದಲ್ಲಿ ನಡೆಯಿತು ಎಂದು ಹೇಗೆ ಗೊತ್ತು? ಹಿರಿಯರು ಹೇಳುತ್ತಾರೆ ಎಂದು ಬರೆದಿದ್ದೀರಿ. ಹಿರಿಯರ ಮಾತು ದಾರಿ ತೋರಿಸುತ್ತದೆ, ಆದರೆ ಕಲ್ಲಿನಲ್ಲಿ ಕೆತ್ತುವ ಮೊದಲು ಕಾಗದದ ಸಾಕ್ಷಿ ಬೇಕು. ಅದು ಎಲ್ಲಿ ಸಿಗುತ್ತದೆ ಎಂದು ಹೇಳುತ್ತೇನೆ.

ಪತ್ರಿಕೆಯ ಹಳೆಯ ಒಂದು ಸಂಚಿಕೆ ಸಿಕ್ಕರೆ ಮೊದಲು ಕೊನೆಯ ಪುಟದ ಅಡಿ ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಇಂಥ ಮುದ್ರಣಾಲಯದಲ್ಲಿ ಅಚ್ಚಾಯಿತು ಎಂದು. ಓದುಗರು ಅದನ್ನು ನೋಡುವುದೇ ಇಲ್ಲ. ನಮಗೆ ಮಾತ್ರ ಅದು ಪ್ರಾಣ. ಬೇರೆ ಏನು ತಪ್ಪಿದರೂ ಆ ಸಾಲು ತಪ್ಪಬಾರದು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. 1867ರಲ್ಲಿ ಬಂದ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾನೂನು ಅದನ್ನು ಕಡ್ಡಾಯ ಮಾಡಿತ್ತು. ಯಾರು ಅಚ್ಚು ಮಾಡಿದರು, ಎಲ್ಲಿ ಮಾಡಿದರು ಎಂದು ಸರ್ಕಾರಕ್ಕೆ ಗೊತ್ತಿರಬೇಕಿತ್ತು. ಬ್ರಿಟಿಷರು ಪತ್ರಿಕೆಗಳ ಮೇಲೆ ಕಣ್ಣಿಡಲು ಮಾಡಿಕೊಂಡ ಏರ್ಪಾಡು ಇವತ್ತು ನಮಗೆ ಮನೆ ಹುಡುಕಲು ಉಪಯೋಗಕ್ಕೆ ಬರುತ್ತಿದೆ.

ಅದೇ ಕಾನೂನಿನಲ್ಲಿ ಇನ್ನೊಂದು ನಿಯಮ ಇತ್ತು. ಪತ್ರಿಕೆ ಶುರು ಮಾಡುವವರು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ‘ಇಂಥ ಪತ್ರಿಕೆಯನ್ನು ಇಂಥ ಜಾಗದಲ್ಲಿ ಅಚ್ಚು ಮಾಡುತ್ತೇನೆ’ ಎಂದು ಘೋಷಣೆಗೆ ಸಹಿ ಹಾಕಬೇಕಿತ್ತು. ಜಾಗ ಬದಲಾದರೆ ಹೊಸ ಘೋಷಣೆ. ಈಗ ಆ ಕಾನೂನಿನ ಬದಲು 2023ರ ಹೊಸ ಕಾನೂನು ಬಂದಿದೆ. ಆದರೆ ನಿಮ್ಮ ಪತ್ರಿಕೆ ಹಳೆಯ ಕಾನೂನಿನ ಕಾಲದ್ದು. ಆದ್ದರಿಂದ ಜಿಲ್ಲಾಧಿಕಾರಿ ಕಚೇರಿಯ ಹಳೆಯ ದಾಖಲೆ ಕೋಣೆಯಲ್ಲಿ ಒಂದು ಅರ್ಜಿ ಕೊಟ್ಟು ಕೇಳಿ. ಪತ್ರಿಕೆ 1956ರ ನಂತರವೂ ನಡೆದಿದ್ದರೆ ಇನ್ನೊಂದು ಸುಲಭದ ದಾರಿ ಇದೆ. ಆ ವರ್ಷದ ನಿಯಮಗಳ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ ‘ಫಾರಂ 4’ ಎಂಬ ಪ್ರಕಟಣೆ ಹಾಕಬೇಕಿತ್ತು. ಪ್ರಕಟವಾಗುವ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಅವರ ವಿಳಾಸ, ಮಾಲೀಕರು, ಎಲ್ಲ ಅದರಲ್ಲಿ ಇರುತ್ತದೆ. ಮಾರ್ಚ್ ಸಂಚಿಕೆ ಒಂದು ಸಿಕ್ಕರೆ ಸಾಕು. ಚಂದಾ ರಸೀದಿ, ಲೆಟರ್‌ಹೆಡ್, ಪುರಸಭೆಯ ಕಂದಾಯ ಪುಸ್ತಕ, ಇವನ್ನೂ ಬಿಡಬೇಡಿ.

ಕಾಗದದ ಜೊತೆ ನೆಲವನ್ನೂ ನೋಡಿ. ಗೋದಾಮಿನ ಮೂಟೆ ಸರಿಸಲು ಮಾಲೀಕರನ್ನು ಕೇಳಿ. ಅಚ್ಚಿನ ಯಂತ್ರ ಭಾರ ಮತ್ತು ಅದುರು ಎರಡೂ ಜಾಸ್ತಿ. ಅದನ್ನು ಸುಮ್ನೆ ನೆಲದ ಮೇಲೆ ಇಡುತ್ತಿರಲಿಲ್ಲ. ಕಟ್ಟೆ ಕಟ್ಟಿ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಯಂತ್ರ ಹೋದರೂ ನಾಲ್ಕು ಬೋಲ್ಟಿನ ತುಂಡು ಅಥವಾ ತೂತು ಉಳಿದಿರುತ್ತದೆ. ಸುತ್ತ ಎಣ್ಣೆ ಕುಡಿದ ನೆಲ ಕಪ್ಪಾಗಿರುತ್ತದೆ. ಮೊಳೆ ಜೋಡಿಸುವ ಕೋಣೆ ಸಾಮಾನ್ಯವಾಗಿ ಕಿಟಕಿಯ ಪಕ್ಕ. ಬೆಳಕಿಲ್ಲದೆ ಆ ಕೆಲಸ ಆಗುವುದಿಲ್ಲ. ಅಲ್ಲಿ ಹಾಸುಗಲ್ಲಿನ ಸಂದಿಯನ್ನು ಒಂದು ತಂತಿಯಿಂದ ಕೆದಕಿ ನೋಡಿ. ಕೈಯಿಂದ ಜಾರಿದ ಮೊಳೆ ಅಲ್ಲಿ ಹೋಗಿ ಕೂತಿರುತ್ತದೆ. ಸೀಸ, ತವರ, ಆಂಟಿಮನಿ ಸೇರಿಸಿ ಎರಕ ಹೊಯ್ದದ್ದು, ಹಾಗಾಗಿ ತುಕ್ಕು ಹಿಡಿಯುವುದಿಲ್ಲ. ಒಂದು ‘ಕ’ದ ಒತ್ತು ಸಿಕ್ಕರೂ ಸಾಕು, ನಿಮ್ಮ ಕೋಣೆ ಸಿಕ್ಕಿತು.

ಇಷ್ಟು ಆದ ಮೇಲೆ ಒಕ್ಕಣೆ ಹೀಗಿರಲಿ. ಪತ್ರಿಕೆಯ ಹೆಸರು ಮತ್ತು ವರ್ಷಗಳನ್ನು ನೀವು ತುಂಬಿಕೊಳ್ಳಿ:

‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ವಾರಪತ್ರಿಕೆ ಈ ಕಟ್ಟಡದ ಹಿಂದಿನ ಕೋಣೆಯಲ್ಲಿ ಅಚ್ಚಾಗುತ್ತಿತ್ತು. ಸಂಪಾದಕರು ಇಂಥವರು. ಮೊಳೆ ಜೋಡಿಸಿದವರು ಇಂಥವರು, ಇಂಥವರು. ಅಚ್ಚು ಹಾಕಿದವರು ಇಂಥವರು. ಊರಿನ ಓದುಗರು ಈ ಕಲ್ಲನ್ನು ನಿಲ್ಲಿಸಿದರು.’

ನಾಲ್ಕೈದು ಸಾಲು. ಸಾಕು. ಉದ್ಘಾಟಕರ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಕಲ್ಲಿನಲ್ಲಿ ಬೇಡ. ನಾನು ಒಂದು ಊರಿನಲ್ಲಿ ಇಂಥ ಕಲ್ಲು ನೋಡಿದ್ದೇನೆ. ಹದಿನಾಲ್ಕು ಸಾಲು ಇತ್ತು, ಅದರಲ್ಲಿ ಹನ್ನೊಂದು ಸಾಲು ಅವತ್ತಿನ ಸಭೆಯಲ್ಲಿ ಕೂತವರ ಹೆಸರು. ಪತ್ರಿಕೆಗೆ ಸಿಕ್ಕಿದ್ದು ಮೂರು ಸಾಲು. ನನಗೆ ಆ ದಿನ ಊಟ ಸೇರಲಿಲ್ಲ.

ಕಲ್ಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಿತ್ತಾಳೆ ಬೇಡ. ಕದಿಯುತ್ತಾರೆ, ಮಲೆನಾಡಿನ ಮಳೆಗೆ ಹಸಿರುಗಟ್ಟುತ್ತದೆ. ಕರಿಕಲ್ಲು ಒಳ್ಳೆಯದು. ಅಕ್ಷರವನ್ನು ಆಳವಾಗಿ ಕೆತ್ತಿಸಿ. ಬರೀ ಬಣ್ಣದಿಂದ ಬರೆಸಿದರೆ ಕೆಲವೇ ವರ್ಷಕ್ಕೆ ಮಾಸುತ್ತದೆ. ಗೋಡೆ ಸುಣ್ಣದ ಗಾರೆಯದಾದರೆ ಸಿಮೆಂಟ್ ಮೆತ್ತಬೇಡಿ. ಸಿಮೆಂಟ್ ಗಟ್ಟಿ, ಸುಣ್ಣ ಮೃದು. ನೀರು ಹೊರಗೆ ಬರಲು ಜಾಗವಿಲ್ಲದೆ ಗೋಡೆ ಒಳಗಿಂದ ಉದುರುತ್ತದೆ. ಕಲ್ಲುಗಳ ಸಂದಿಯಲ್ಲೇ ತೂತು ಕೊರೆದು ಸ್ಟೀಲ್ ಮೊಳೆಯಿಂದ ನಿಲ್ಲಿಸಿ.

ಇನ್ನು ಅಕ್ಷರ. ಇವತ್ತು ಕಂಪ್ಯೂಟರಿನಿಂದ ಕಡತ ಕೊಟ್ಟರೆ ಯಂತ್ರವೇ ಕೆತ್ತುತ್ತದೆ. ಒಂದು ಫಾಂಟಿನಿಂದ ಇನ್ನೊಂದಕ್ಕೆ ಹೋಗುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಬೇರೆ ಅಕ್ಷರದ ಪಕ್ಕ ಹೋಗಿ ಕೂರುತ್ತದೆ. ಯಂತ್ರಕ್ಕೆ ಕನ್ನಡ ಬರುವುದಿಲ್ಲ. ಅದಕ್ಕೇ ಕೆತ್ತುವ ಅಳತೆಯಲ್ಲೇ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಗೋಡೆಗೆ ಅಂಟಿಸಿ, ಮೂರು ಜನ ಬೇರೆ ಬೇರೆಯಾಗಿ ಓದಿ. ಒಬ್ಬರು ಹಿಂದಿನಿಂದ ಮುಂದಕ್ಕೆ, ಪದ ಪದವಾಗಿ ಓದಲಿ. ಕರಡು ತಿದ್ದುವವರು ಮಾಡುವುದು ಅದನ್ನೇ. ಅರ್ಥದ ಹಿಂದೆ ಓಡುವ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಸಾಲುಗಳ ನಡುವೆ ಜಾಗ ಬಿಡಿಸಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಪ್ರಶ್ನೆ: ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ ಮನೆಗೆ ಫಲಕ ಬರೆಯುವುದಾದರೆ ಏನು ಬರೆಯಬೇಕು? ತರಗತಿಯಲ್ಲಿ ನಮಗೆ ಇದನ್ನು ಅಭ್ಯಾಸಕ್ಕೆ ಕೊಟ್ಟಿದ್ದಾರೆ. ಜುಲೈ 1ನ್ನು ಪತ್ರಿಕಾ ದಿನ ಎನ್ನುವುದು ಇದಕ್ಕೇನಾ? — ಪತ್ರಿಕೋದ್ಯಮ ವಿದ್ಯಾರ್ಥಿನಿ, ಮಂಗಳೂರು

ಹೌದು, ಇದಕ್ಕೇ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಬಂತು. ಸಂಪಾದಕರು ಹರ್ಮನ್ ಮೊಗ್ಲಿಂಗ್. ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು, ಅಂದರೆ ಆಗಿನ ಒಂದು ಸಣ್ಣ ನಾಣ್ಯ. ಊರ ವರ್ತಮಾನ, ಸರ್ಕಾರದ ನಿರೂಪಗಳು, ಗಾದೆ, ಕಥೆ, ದಾಸರ ಪದ ಎಲ್ಲ ಇರುತ್ತಿದ್ದವು.

ನಿಮ್ಮ ಫಲಕದಲ್ಲಿ ಮರೆಯದೆ ಬರಬೇಕಾದ ಒಂದು ಮಾತು ‘ಕಲ್ಲಚ್ಚು’. ಜನ ಈ ಪತ್ರಿಕೆಯ ಚಿತ್ರ ನೋಡಿ ‘ಎಷ್ಟು ಹಳೆಯ ಕಾಲದ ಮೊಳೆ’ ಅನ್ನುತ್ತಾರೆ. ಅಲ್ಲಿ ಮೊಳೆಯೇ ಇರಲಿಲ್ಲ. ಅದು ಕೈಬರಹ. ಮಂಗಳೂರಿನ ಮಿಷನ್ನಿನ ಅಚ್ಚುಕೂಟ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನ ಯಂತ್ರದಿಂದ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಮೂಡಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮೇಲೆ ಶಾಯಿಯ ಉರುಳೆ ಹಾಯಿಸುತ್ತಾರೆ. ಒದ್ದೆ ಜಾಗಕ್ಕೆ ಶಾಯಿ ಹಿಡಿಯುವುದಿಲ್ಲ, ಜಿಡ್ಡಿನ ಬರಹಕ್ಕೆ ಮಾತ್ರ ಹಿಡಿಯುತ್ತದೆ. ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವುದೇ ಇದರ ಗುಟ್ಟು. ಬವೇರಿಯದ ಅಲೋಯ್ಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದ ವಿಧಾನ.

ಅಂದರೆ ಆ ಪುಟವನ್ನು ಒಬ್ಬರು ಕೂತು ಒಂದೊಂದೇ ಅಕ್ಷರವಾಗಿ ಬರೆದಿದ್ದಾರೆ. ಹಳೆಯ ಪುಟದ ಚಿತ್ರ ಸಿಕ್ಕರೆ ದೊಡ್ಡದು ಮಾಡಿ ನೋಡಿ. ಕೆಲವು ಕಡೆ ಅಕ್ಷರ ಒತ್ತೊತ್ತಾಗಿ ಬಂದಿರುತ್ತದೆ. ಸಾಲಿನ ಕೊನೆಗೆ ಜಾಗ ಸಾಲದೆ ಹಿಡಿದು ಬರೆದ ಕೈ ಅದು. ನಾನು ಮೊದಲ ಸಲ ನೋಡಿದಾಗ ತುಂಬಾ ಹೊತ್ತು ಪುಟ ತಿರುವಲೇ ಇಲ್ಲ.

ಫಲಕದಲ್ಲಿ ಬರಬೇಕಾದ ಎರಡನೇ ಮಾತು ಬಳ್ಳಾರಿ. ‘ಮಂಗಳೂರ ಸಮಾಚಾರ’ ಮಂಗಳೂರಿನಲ್ಲಿ ನಡೆದದ್ದು ಒಂದು ವರ್ಷಕ್ಕೂ ಕಡಿಮೆ. 1844ರ ಮಾರ್ಚಿನಿಂದ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಅಲ್ಲಿ ಕನ್ನಡ ಮೊಳೆಗಳಿದ್ದವು. ಹೆಸರು ಬದಲಾದದ್ದನ್ನು ಗಮನಿಸಿ. ಒಂದು ಊರಿನ ಸಮಾಚಾರ ಎಂಬುದು ಹೋಗಿ ಒಂದು ಭಾಷೆಯ ಸಮಾಚಾರ ಎಂದಾಯಿತು. 1844ರಲ್ಲಿ ಕನ್ನಡ ಮಾತಾಡುವವರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ನಾಡು ಒಂದಾಗಿದ್ದು 1956ರಲ್ಲಿ. ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಒಂದು ಪತ್ರಿಕೆ ತನ್ನ ಹೆಸರಿನಲ್ಲಿ ಊರಿನ ಬದಲು ಭಾಷೆಯನ್ನು ಇಟ್ಟುಕೊಂಡಿತ್ತು. ನನ್ನನ್ನು ಕೇಳಿದರೆ ಬಳ್ಳಾರಿಗೂ ಒಂದು ಕಲ್ಲು ಸಲ್ಲಬೇಕು. ಮಂಗಳೂರಿನ ಮಾತು ಬಂದಾಗಲೆಲ್ಲ ಬಳ್ಳಾರಿಯನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ಬೇಸರ.

ಮೂರನೆಯದಾಗಿ, ಒಂದು ಕೋಣೆಯನ್ನು ತೋರಿಸಿ ‘ಇದೇ’ ಎಂದು ಬರೆಯಬೇಡಿ. ‘ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ’ ಎಂದು ಬರೆಯಿರಿ. ಅದು ಪೂರ್ತಿ ಸತ್ಯ. ಬರೆಯುವ ಮೊದಲು ನಿಮ್ಮ ಊರಿನ ಬಲ್ಮಠಕ್ಕೆ ಹೋಗಿ ಬನ್ನಿ. ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಮಿಷನ್ನಿನ ಹಳೆಯ ಪುಸ್ತಕಗಳು, ಕಾಗದಪತ್ರಗಳು ಇವೆ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಇದೇ ಮಿಷನ್ನಿನಿಂದ. ಇನ್ನೊಂದು ಹೇಳಬೇಕು. ಅಚ್ಚುಕೂಟ ನೋಡಿಕೊಳ್ಳಲು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ತಂತ್ರಜ್ಞರೇ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಿಮ್ಮ ಅಜ್ಜಿ ಮನೆಯ ಮಾಡಿನ ಮಂಗಳೂರು ಹೆಂಚಿಗೂ ಅಚ್ಚುಮನೆಗೂ ಒಬ್ಬರೇ ಮನುಷ್ಯರ ನಂಟು. ಇದನ್ನು ಫಲಕಕ್ಕೆ ಹಾಕುವುದು ಬೇಡ, ಜಾಗ ಸಾಲದು. ಆದರೆ ತರಗತಿಯಲ್ಲಿ ಹೇಳಿ.

ಪ್ರಶ್ನೆ: ನಮ್ಮ ಬೀದಿಯಲ್ಲಿದ್ದ ಪತ್ರಿಕೆಯ ಕಟ್ಟಡವನ್ನು ಕೆಡವಿ ವಸತಿ ಸಮುಚ್ಚಯ ಕಟ್ಟಿದ್ದಾರೆ. ಕಟ್ಟಡವೇ ಇಲ್ಲದ ಮೇಲೆ ಫಲಕ ಹಾಕುವುದರಲ್ಲಿ ಅರ್ಥ ಇದೆಯೇ? ಪತ್ರಿಕೆ ಈಗ ಬೇರೆ ಕಡೆ ಇದೆ, ಅಲ್ಲೇ ಹಾಕಬಾರದೇ? — ಒಬ್ಬ ಓದುಗರು, ಧಾರವಾಡ

ಅರ್ಥ ಇದೆ. ಹಳೆಯ ಜಾಗದಲ್ಲೇ ಹಾಕಿ.

ಲಂಡನ್ನಿನ ಮೊದಲ ದಿನಪತ್ರಿಕೆ ‘ಡೈಲಿ ಕೂರಂಟ್’ 1702ರ ಮಾರ್ಚ್ 11ರಂದು ಶುರುವಾಯಿತು. ಹೊರತಂದವರು ಎಲಿಜಬೆತ್ ಮ್ಯಾಲೆಟ್ ಎಂಬ ಹೆಂಗಸು. ಪತ್ರಿಕೆಯಲ್ಲಿ ಮಾತ್ರ ಬರೀ ‘ಇ. ಮ್ಯಾಲೆಟ್’ ಎಂದಿದೆ. ವಿಳಾಸ ‘ಫ್ಲೀಟ್ ಸೇತುವೆಯ ಕಿಂಗ್ಸ್ ಆರ್ಮ್ಸ್ ಪಾನಗೃಹದ ಪಕ್ಕದ ಬಾಗಿಲು’ ಅನ್ನುವ ಅರ್ಥದಲ್ಲಿ ಅಚ್ಚಾಗಿದೆ. ಆ ಮನೆ ಇವತ್ತು ಇಲ್ಲ, ಆ ಸೇತುವೆಯೂ ಇಲ್ಲ. ಆದರೂ ಆ ಒಂದು ಸಾಲಿನಿಂದ ಜಾಗ ಗೊತ್ತಾಯಿತು. ಲಡ್‌ಗೇಟ್ ಸರ್ಕಲ್ಲಿನಲ್ಲಿ ಒಂದು ಫಲಕ ಇದೆ. ಅದು ‘ಇದೇ ಮನೆ’ ಎಂದು ಹೇಳುವುದಿಲ್ಲ. ಈ ಜಾಗದ ಹತ್ತಿರದ ಒಂದು ಮನೆಯಲ್ಲಿ ಎಂದಷ್ಟೇ ಹೇಳುತ್ತದೆ. ಈ ‘ಹತ್ತಿರದ’ ಎಂಬ ಪದ ನನಗೆ ತುಂಬಾ ಇಷ್ಟ. ನೀವೂ ಅದನ್ನೇ ಬಳಸಿ. ‘ಈಗ ಈ ಸಮುಚ್ಚಯ ಇರುವ ಜಾಗದಲ್ಲಿ ಇದ್ದ ಹೆಂಚಿನ ಮನೆಯಲ್ಲಿ’ ಎಂದು ಬರೆದರೆ ಕಟ್ಟಡ ಹೋದ ಸಂಗತಿಯೂ ಸೇರಿಕೊಳ್ಳುತ್ತದೆ.

ಫಲಕ ಹಾಕಿದರೆ ಕಟ್ಟಡ ಉಳಿಯುತ್ತದೆ ಎಂದು ನಂಬಿದ ಕೆಲವರು ನನಗೆ ಹಿಂದೆ ಬರೆದಿದ್ದರು. ಹಾಗೇನೂ ಇಲ್ಲ. ಲಂಡನ್ನಿನಲ್ಲಿ ಇಂಥ ಫಲಕ ಮೊದಲು ಹಾಕಿದ್ದು 1867ರಲ್ಲಿ, ಕವಿ ಬೈರನ್ ಹುಟ್ಟಿದ ಮನೆಗೆ. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಉಳಿಸುವ ಕೆಲಸಕ್ಕೆ ಬೇರೆ ಕಾನೂನು, ಬೇರೆ ಓಡಾಟ ಬೇಕು. ಫಲಕ ಜಾಗದ ವಿಳಾಸ ಹೇಳುತ್ತದೆ, ಅಷ್ಟೇ.

ಕಲ್ಲು ಎಲ್ಲಿರಬೇಕು ಎಂಬುದು ನಮಗೆ ಹೊಸ ಪ್ರಶ್ನೆ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ವೀರಗಲ್ಲು ನಿಂತಿತ್ತು. ಕ್ರಿ.ಶ. 949ರ ಸುಮಾರಿನದು. ಕಾಡುಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ್ದು. ಈಗ ಅದು ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಸುರಕ್ಷಿತವಾಗಿದೆ, ಒಳ್ಳೆಯದೇ ಆಯಿತು. ಆದರೂ ಸಂಗ್ರಹಾಲಯದ ನೆಲದ ಮೇಲೆ ಅದನ್ನು ನೋಡುವಾಗ ಆ ನಾಯಿ ಓಡಿದ ಮಣ್ಣು ಇದಲ್ಲವಲ್ಲ ಅನ್ನಿಸುತ್ತದೆ, ಅಲ್ವಾ?

ಇದನ್ನು ಇಷ್ಟು ಒತ್ತಿ ಹೇಳಲು ನನಗೆ ಕಾರಣ ಇದೆ. ನಾನು ಮೊಳೆ ಜೋಡಿಸಿದ ಪತ್ರಿಕೆ ಒಂದು ಗಲ್ಲಿಯ ಹೆಂಚಿನ ಮನೆಯಲ್ಲಿ ಇತ್ತು. ಉದ್ದ ಜಗಲಿ, ಅದರ ಕೊನೆಗೆ ನಮ್ಮ ಕೋಣೆ. ಆಮೇಲೆ ಪತ್ರಿಕೆ ಎರಡು ಕಿಲೋಮೀಟರ್ ಆಚೆ ಹೊಸ ಕಟ್ಟಡಕ್ಕೆ ಹೋಯಿತು. ವರ್ಷಗಳು ಕಳೆದ ಮೇಲೆ ಆ ಹೊಸ ಕಟ್ಟಡದ ಬಾಗಿಲಲ್ಲಿ ಒಂದು ಹೊಳೆಯುವ ಫಲಕ ಬಂತು. ‘ಇಲ್ಲಿ ಆರಂಭವಾದ’ ಎಂದು ಶುರುವಾಗುತ್ತದೆ. ಅಲ್ಲಿ ಆರಂಭ ಆಗಲಿಲ್ಲ. ಆರಂಭದ ವರ್ಷದಲ್ಲಿ ಅದು ಗದ್ದೆ. ನಾನು ಒಂದು ಕಾಗದ ಬರೆದೆ, ಹಳೆಯ ಸಂಚಿಕೆಯ ಕೊನೆಯ ಸಾಲಿನ ಪ್ರತಿಯನ್ನೂ ಇಟ್ಟೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಫಲಕ ಇನ್ನೂ ಹಾಗೇ ಇದೆ. ಹಳೆಯ ಮನೆಯನ್ನು ಕೆಡವಿದಾಗ ನಾನು ಹೋಗಿದ್ದೆ. ಗೋಡೆ ಎಲ್ಲ ಹೋಗಿತ್ತು. ಯಂತ್ರ ಕೂರಿಸಿದ್ದ ಕಟ್ಟೆ ಮಾತ್ರ ನಾಲ್ಕು ಬೋಲ್ಟಿನ ಜೊತೆ ಮಳೆಯಲ್ಲಿ ನೆನೆಯುತ್ತಾ ಇತ್ತು. ‘ಇಲ್ಲಿ’ ಎಂದರೆ ಆ ಕಟ್ಟೆ. ಆ ಪದವನ್ನು ಎತ್ತಿಕೊಂಡು ಹೋಗಿ ಬೇರೆ ಬಾಗಿಲಿಗೆ ಅಂಟಿಸಲು ಬರುವುದಿಲ್ಲ.

ನಿಮ್ಮ ಸಮುಚ್ಚಯದ ನಿವಾಸಿಗಳ ಸಂಘದ ಜೊತೆ ಮಾತಾಡಿ. ಗೇಟಿನ ಕಂಬಕ್ಕೆ ಒಂದೂವರೆ ಅಡಿಯ ಕಲ್ಲು ಸಾಕು. ಪಾದಚಾರಿ ದಾರಿಯಲ್ಲಿ ನಿಲ್ಲಿಸುವುದಾದರೆ ಪಾಲಿಕೆಯ ಅನುಮತಿ ಬೇಕಾಗುತ್ತದೆ.

ಪ್ರಶ್ನೆ: ನನ್ನ ತಂದೆ 31 ವರ್ಷ ಒಂದು ಪತ್ರಿಕೆಯಲ್ಲಿ ಕಂಪೋಸಿಟರ್ ಆಗಿದ್ದರು. ಹಳೆಯ ಕಟ್ಟಡಕ್ಕೆ ಈಗ ಸ್ಮಾರಕ ಕಲ್ಲು ಹಾಕುತ್ತಿದ್ದಾರೆ. ಸಂಸ್ಥಾಪಕರು ಮತ್ತು ಸಂಪಾದಕರ ಹೆಸರು ಮಾತ್ರ ಇದೆ. ತಂದೆಯವರ ಹೆಸರು ಸೇರಿಸಿ ಎಂದು ಕೇಳುವುದು ಸರಿಯೇ? ಅತಿಯಾಸೆ ಅನ್ನಿಸುವುದಿಲ್ಲವೇ? — ಕಂಪೋಸಿಟರ್ ಒಬ್ಬರ ಮಗ, ದಾವಣಗೆರೆ

ಕೇಳಿ. ಖಂಡಿತ ಕೇಳಿ. ಸಂಕೋಚ ಬೇಡ.

ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ. ಮುಂದೆ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬಾ ಮೊಳೆ ಇಡುವ ಸಣ್ಣ ಸಣ್ಣ ಮನೆಗಳು. ಇಂಗ್ಲಿಷಿಗೆ ಬೇಕಾದ ಮನೆಗಳಿಗಿಂತ ಕನ್ನಡಕ್ಕೆ ಎಷ್ಟೋ ಪಟ್ಟು ಜಾಸ್ತಿ, ಯಾಕೆಂದರೆ ಗುಣಿತಾಕ್ಷರಕ್ಕೂ ಒತ್ತಿಗೂ ಬೇರೆ ಬೇರೆ ಮೊಳೆ. ಎಡಗೈಯಲ್ಲಿ ಸ್ಟಿಕ್, ಅಂದರೆ ಮೊಳೆಗಳನ್ನು ಸಾಲಾಗಿ ಕೂರಿಸುವ ಸಣ್ಣ ತಟ್ಟೆ. ಬಲಗೈ ಕೇಸಿನ ಮೇಲೆ. ಕಣ್ಣು ಮಾತ್ರ ಹಸ್ತಪ್ರತಿಯ ಮೇಲೆ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ, ಅದನ್ನು ಹಾಗೇ ಓದಬೇಕು. ಸಾಲು ತುಂಬಿದ ಮೇಲೆ ಪದಗಳ ನಡುವೆ ಸೀಸದ ತುಂಡು ಸೇರಿಸಿ ಬಿಗಿ ಮಾಡಬೇಕು. ಸಡಿಲವಾದರೆ ಯಂತ್ರದಲ್ಲಿ ಮೊಳೆ ಎದ್ದು ಬರುತ್ತದೆ. ಗ್ಯಾಲಿ ಎಂಬ ಉದ್ದ ತಟ್ಟೆಗೆ ಇಳಿಸು, ದಾರ ಕಟ್ಟು, ಕರಡು ತೆಗೆ, ತಿದ್ದು, ಪುಟ ಕಟ್ಟು. ಅಚ್ಚಾದ ಮೇಲೆ ತೊಳೆದು ಒಂದೊಂದೇ ಮೊಳೆಯನ್ನು ವಾಪಸ್ ಅದರ ಮನೆಗೆ ಹಾಕು. ನಾಳೆ ಮತ್ತೆ ಅದೇ ಮೊಳೆ ಬೇರೆ ಸುದ್ದಿಯಾಗುತ್ತದೆ.

31 ವರ್ಷ ಅಂದರೆ ಎಷ್ಟು ಸಂಪಾದಕೀಯ, ಎಷ್ಟು ಸಾವಿನ ಸುದ್ದಿ, ಎಷ್ಟು ಪರೀಕ್ಷಾ ಫಲಿತಾಂಶ ಅವರ ಬೆರಳಿನಿಂದ ಹಾದು ಹೋಗಿರಬೇಕು. ಸಂಪಾದಕರು ರಾತ್ರಿ ಹತ್ತಕ್ಕೆ ಬರೆದು ಕೊಟ್ಟು ಹೋಗುತ್ತಿದ್ದರು. ಅದನ್ನು ಬೆಳಗಿನ ಒಳಗೆ ಸೀಸದಲ್ಲಿ ಕಟ್ಟಿ ನಿಲ್ಲಿಸಿದವರು ನಿಮ್ಮ ತಂದೆಯಂಥವರು. ಅವರಲ್ಲಿ ಎಷ್ಟೋ ಜನ ಸಂಪಾದಕರ ಕಾಗುಣಿತವನ್ನೂ ಸದ್ದಿಲ್ಲದೆ ಸರಿ ಮಾಡುತ್ತಿದ್ದರು.

ಇನ್ನು ಅತಿಯಾಸೆಯ ಮಾತು. ನಮ್ಮ ಹಳೆಯ ಶಾಸನಗಳನ್ನೇ ನೋಡಿ. ರಾಜನ ಹೆಸರು, ದಾನದ ವಿವರ ಎಲ್ಲ ಮುಗಿದ ಮೇಲೆ ಕೊನೆಗೆ ಬರೆದವರ ಹೆಸರು, ಕೆತ್ತಿದವರ ಹೆಸರು ಎಷ್ಟೋ ಕಲ್ಲುಗಳಲ್ಲಿ ಬರುತ್ತದೆ. ಬೇಲೂರಿನ ವಿಗ್ರಹಗಳ ಕೆಳಗೆ ದಾಸೋಜ, ಚಾವಣ ಎಂಬ ಶಿಲ್ಪಿಗಳ ಹೆಸರು ಇವತ್ತಿಗೂ ಓದಬಹುದು. ಹೊಯ್ಸಳರ ಕಾಲದಲ್ಲಿ ಕಲ್ಲು ಕೆತ್ತಿದವರಿಗೆ ಸಿಕ್ಕಿದ ಜಾಗ ನಮ್ಮ ಕಾಲದ ಮೊಳೆ ಜೋಡಿಸಿದವರಿಗೆ ಯಾಕೆ ಸಿಗಬಾರದು?

ಹೋಗುವಾಗ ನಿಮ್ಮ ತಂದೆಯ ಹೆಸರೊಂದನ್ನೇ ಹಿಡಿದು ಹೋಗಬೇಡಿ. ಅವರ ಜೊತೆ ಕೇಸಿನ ಮುಂದೆ ನಿಂತವರು, ಟ್ರೆಡಲ್ ಎಂಬ ಕಾಲಿನ ಅಚ್ಚುಯಂತ್ರ ತುಳಿದವರು, ಪತ್ರಿಕೆ ಮಡಚಿದವರು, ಮುಂಜಾನೆ ಬಸ್ಸಿಗೆ ಕಟ್ಟು ಹೊತ್ತವರು, ಎಲ್ಲರ ಹೆಸರು ಬರೆದುಕೊಂಡು ಹೋಗಿ. ಹಾಜರಿ ಪುಸ್ತಕ, ಭವಿಷ್ಯನಿಧಿಯ ಕಾಗದ, ಹಬ್ಬದ ದಿನ ತೆಗೆಸಿದ ಗುಂಪು ಫೋಟೋ, ಇವುಗಳಲ್ಲಿ ಸಿಗುತ್ತವೆ. ಕಲ್ಲಿನಲ್ಲಿ ಜಾಗ ಸಾಲದು ಎಂದರೆ ‘ಕೆಳಗೆ ಇನ್ನೊಂದು ಪಟ್ಟಿ ಕಲ್ಲು ಹಾಕೋಣ, ಖರ್ಚು ನಾವು ಮಕ್ಕಳು ಕೊಡುತ್ತೇವೆ’ ಎನ್ನಿ. ಕೆತ್ತುವ ಮೊದಲು ಪ್ರತಿ ಹೆಸರನ್ನೂ ಅವರವರ ಮನೆಯವರಿಗೆ ತೋರಿಸಿ.

ನಿಮ್ಮ ಕಾಗದ ಓದಿದ ದಿನ ನಾನೂ ಕೂತು ನಮ್ಮ ಕೋಣೆಯವರ ಹೆಸರು ಬರೆದೆ. ಹನ್ನೊಂದು ಮಂದಿ. ಹತ್ತು ಹೆಸರು ಪೂರ್ತಿ ನೆನಪಾಯಿತು. ಹನ್ನೊಂದನೆಯವರು ನನಗೆ ಸ್ಟಿಕ್ ಹಿಡಿಯಲು ಕಲಿಸಿದವರು. ಅವರನ್ನು ನಾವೆಲ್ಲ ‘ಮೇಸ್ತ್ರಿ’ ಎಂದೇ ಕರೆಯುತ್ತಿದ್ದೆವು. ಹೆಸರು ಕೇಳಲೇ ಇಲ್ಲ. ಅವರ ಮಗಳು ಇರುವ ಊರು ಪತ್ತೆಯಾಗಿದೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ.